ಮೂರು ವರ್ಷದ ಉಡಿ

ಬಿಬವೇವಾಡಿಯ ಬಾಲಬೋಧಿನಿ ಕನ್ನಡ ಪ್ರೌಢಶಾಲೆಗೆ ಟೀಚರಾಗಿ ಬರುವುದು ಸುಲಭ, ಹೋಗುವುದು ಕಷ್ಟ. ಬರುವಾಗ ಯಾರೂ ಇದನ್ನು ಹೇಳುವುದಿಲ್ಲ. ಹೇಳಿದರೆ ಯಾರು ಬರುತ್ತಾರೆ? ಚಹಾ ಕೊಡುತ್ತಾರೆ, ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸುತ್ತಾರೆ, ಮಕ್ಕಳು ಎದ್ದು ನಿಂತು ‘ನಮಸ್ಕಾರ್ರೀ ಅಕ್ಕೋರ’ ಎನ್ನುತ್ತಾರೆ. ಬಂದವಳ ಎದೆ ಉಬ್ಬುತ್ತದೆ. ಹನ್ನೆರಡು ವರ್ಷದ ಹಿಂದೆ ಕೇತಕಿಯ ಎದೆಯೂ ಹಾಗೆಯೇ ಉಬ್ಬಿತ್ತು. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆ ಶಾಲೆಯ ಪದ್ಧತಿ ಹೀಗೆ. ಎಂಟನೆಯ ತರಗತಿಗೆ ಬಂದ ಮಕ್ಕಳನ್ನು ಒಬ್ಬ ಅಕ್ಕೋರ ವಶಕ್ಕೆ ಕೊಡುತ್ತಾರೆ. ಅವಳು ಅವರ ಜೊತೆಗೇ ಒಂಬತ್ತಕ್ಕೆ ಹೋಗಬೇಕು, ಹತ್ತಕ್ಕೆ ಹೋಗಬೇಕು, ಬೋರ್ಡ್ ಪರೀಕ್ಷೆ ದಾಟಿಸಿ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಬೇಕು. ನಡುವೆ ಬಿಡುವಂತಿಲ್ಲ. ಮದುವೆಯಾದರೂ ಬಿಡುವಂತಿಲ್ಲ, ಸರ್ಕಾರಿ ನೌಕರಿ ಬಂದರೂ ಬಿಡುವಂತಿಲ್ಲ. ಬಿಡುವುದಿದ್ದರೆ ಹತ್ತನೆಯ ಫಲಿತಾಂಶ ಬಂದ ದಿನಕ್ಕೂ ಜೂನ್ ನಡುವೆ ಶಾಲೆ ತೆರೆಯುವ ದಿನಕ್ಕೂ ಮಧ್ಯೆ ಒಂದು ಸಂದು ಇರುತ್ತದೆ, ಆ ಸಂದಿನಲ್ಲಿ ತೂರಿಕೊಂಡು ಹೋಗಬೇಕು. ತಪ್ಪಿದರೆ ಮತ್ತೆ ಮೂರು ವರ್ಷ.

ಈ ನಿಯಮ ಎಲ್ಲಿಯೂ ಬರೆದಿಲ್ಲ. ಸರ್ಕಾರಕ್ಕೆ ಗೊತ್ತಿಲ್ಲ, ಕೋರ್ಟಿಗೆ ಹೋದರೆ ನಿಲ್ಲುವುದೂ ಇಲ್ಲ. ಆದರೂ ಅರವತ್ತು ವರ್ಷದಿಂದ ಯಾರೂ ಮುರಿದಿಲ್ಲ. ಏಕೆಂದರೆ ಮಕ್ಕಳನ್ನು ಇಲ್ಲಿ ಒಪ್ಪಿಸುವುದು ಅರ್ಜಿ ಕೊಟ್ಟಲ್ಲ, ಉಡಿ ತುಂಬಿ. ಶಾಲೆ ತೆರೆಯುವ ದಿನ ಅಕ್ಕೋರು ಚಾಪೆಯ ಮೇಲೆ ಕುಳಿತು ಸೆರಗು ಒಡ್ಡುತ್ತಾಳೆ. ತಾಯಂದಿರು ಒಬ್ಬೊಬ್ಬರಾಗಿ ಬಂದು ಹಿಡಿಹಿಡಿ ಜೋಳ ಹಾಕಿ, ‘ಈಕಿನ್ನ ನಿಮ್ಮ ಉಡಿಯಾಗ ಹಾಕೀನ್ರಿ ಅಕ್ಕೋರ’ ಎಂದು ಮಗಳನ್ನು ಎದುರಿಗೆ ನಿಲ್ಲಿಸುತ್ತಾರೆ. ಉಡಿಯಲ್ಲಿ ಹಾಕಿದ್ದನ್ನು ನೆಲಕ್ಕೆ ಚೆಲ್ಲುವ ಹೆಂಗಸನ್ನು ನಮ್ಮ ಕಡೆ ಯಾರಾದರೂ ಕಂಡಿದ್ದೀರಾ?

ಇದನ್ನೆಲ್ಲ ಹುಟ್ಟುಹಾಕಿದವರು ರಂಗೂಬಾಯಿ. ಪಾನಶೆತ್ ಅಣೆಕಟ್ಟು ಒಡೆದು ಪುಣೆಯ ಪೇಠೆಗಳಿಗೆ ನೀರು ನುಗ್ಗಿ ಹೋದ ಮೇಲೆ ಊರನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಲು ಇಂಡಿ, ಸಿಂದಗಿ, ಯಾದಗಿರಿ ಕಡೆಯಿಂದ ಗೌಂಡಿಗಳು ಬಂದರು, ಅವರ ಹಿಂದೆ ಹೆಂಡಿರು ಮಕ್ಕಳು ಬಂದರು. ರಂಗೂಬಾಯಿ ಆಗ ಧಾರವಾಡದಿಂದ ಪುಣೆಗೆ ಕೊಟ್ಟ ಹುಡುಗಿ, ಕೊಟ್ಟ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡವಳು. ಮಾವನ ಮನೆಯವರು ‘ಏನಾದರೂ ಮಾಡಿಕೊಂಡಿರಲಿ’ ಎಂದು ಟೀಚರ್ ಟ್ರೇನಿಂಗಿಗೆ ಕಳಿಸಿದರು. ಬಿಬವೇವಾಡಿಯ ಒಬ್ಬ ಪಾಟೀಲನ ದನದ ಕೊಟ್ಟಿಗೆಯಲ್ಲಿ ಆಕೆ ಕನ್ನಡ ಹೈಸ್ಕೂಲ್ ಶುರುಮಾಡಿದರು. ಗಂಡುಮಕ್ಕಳು ಬಂದರು, ಹೆಣ್ಣುಮಕ್ಕಳು ಬರಲಿಲ್ಲ. ದಿನಾ ಜೋಪಡಿಗಳಿಗೆ ಹೋಗಿ ಹೇಳಿ ಹೇಳಿ ನಾಲಿಗೆ ಸವೆಯಿತು. ಕೊನೆಗೊಂದು ಸಂಜೆ ಮಾತೇ ಬೇಡವೆನಿಸಿ ಒಂದು ಗುಡಿಸಲಿನ ಮುಂದೆ ಮಣ್ಣಿನಲ್ಲೇ ಕುಳಿತು ಸೆರಗು ಒಡ್ಡಿಬಿಟ್ಟರು: ‘ನಿನ್ನ ಮಗಳನ್ನ ಉಡಿಗೆ ಹಾಕವ್ವಾ. ಮೆಟ್ರಿಕ್ ಮುಗಿಸಿ ಹೊಳ್ಳಿ ನಿನಗ ಕೊಡ್ತೀನಿ.’

ವಿಧವೆಯ ಉಡಿಯನ್ನು ಆ ಕಾಲದಲ್ಲಿ ಯಾರೂ ತುಂಬುತ್ತಿರಲಿಲ್ಲ. ಆ ಗುಡಿಸಲಿನ ಗೌಂಡಿಯ ಹೆಂಡತಿ ರಂಗೂಬಾಯಿಯ ಬರಿ ಹಣೆಯನ್ನು ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ಒಳಗೆ ಹೋಗಿ, ಅಕ್ಕಿ ಇರಲಿಲ್ಲ, ಇದ್ದ ಜೋಳವನ್ನೇ ತಂದು ತುಂಬಿದಳಂತೆ. ಮರುದಿನ ಕೊಟ್ಟಿಗೆಗೆ ಮೊದಲ ಹುಡುಗಿ ಬಂದಳು. ಅವತ್ತಿನಿಂದ ಈ ಶಾಲೆಯಲ್ಲಿ ಅಕ್ಕೋರು ಮುತ್ತೈದೆಯೋ, ಮದುವೆಯಾಗದವಳೋ, ಗಂಡ ಸತ್ತವಳೋ ಎಂದು ಯಾರೂ ಕೇಳುವುದಿಲ್ಲ. ಎಲ್ಲರ ಉಡಿಯೂ ತುಂಬುತ್ತದೆ, ಎಲ್ಲರ ಕಾಲಿಗೂ ಮೂರು ವರ್ಷದ ಹಗ್ಗ ಬೀಳುತ್ತದೆ.

ಹಗ್ಗ ಎಂದದ್ದು ಕೇತಕಿಯ ಮಾತು. ಅವಳಿಗೆ ಈಗ ನಲವತ್ತು ಹತ್ತಿರ. ಬೆಳಗಾವಿಯ ಕಡೆಯ ಮನೆತನ, ಭೂಗೋಳದಲ್ಲಿ ಎಂ.ಎ., ಮದುವೆ ಆಗಲಿಲ್ಲ, ಆಗದ್ದಕ್ಕೆ ಅಂಥ ದುಃಖವೂ ಇಲ್ಲ. ಭೂಗೋಳ ಕಲಿಸಲು ಬಂದವಳು ಇತಿಹಾಸ ಕಲಿಸಿದಳು, ಕನ್ನಡ ಕಲಿಸಿದಳು, ಹುಡುಗಿಯರ ತಲೆಯ ಹೇನು ತೆಗೆದಳು. ಒಂದು ಮಗು ಶಾಲೆಗೆ ಬರಲಿಲ್ಲವೆಂದರೆ ತಪ್ಪು ಅಕ್ಕೋರ ಕಾಲಿನದು ಎಂಬುದು ರಂಗೂಬಾಯಿಯವರ ಪಾಠ. ಗೌಂಡಿಗಳು ಒಂದು ಕಟ್ಟಡ ಮುಗಿಸಿ ಇನ್ನೊಂದಕ್ಕೆ ಗಂಟು ಕಟ್ಟುತ್ತಾರೆ. ಕೇತಕಿ ಕಾತ್ರಜದಿಂದ ಚಾಕಣದವರೆಗೆ ಸಿಮೆಂಟಿನ ಧೂಳಿನಲ್ಲಿ ಅವರನ್ನು ಹುಡುಕಿ ಹೋಗಬೇಕು. ವಾಚ್‌ಮನ್‌ಗಳ ಹತ್ತಿರ ಮರಾಠಿಯಲ್ಲಿ ಜಗಳವಾಡಿ ಒಳಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುವ ತಾಯಿಯನ್ನು ಕೂಗಿ ಕರೆದು, ಹುಡುಗಿಯನ್ನು ಸಿಟಿ ಬಸ್ಸಿನಲ್ಲಿ ಕೂರಿಸಿಕೊಂಡು ಬರಬೇಕು. ಅವಳು ಇದನ್ನು ಚೆನ್ನಾಗಿಯೇ ಮಾಡಿದಳು. ಚೆನ್ನಾಗಿ ಎಳೆಯುವ ಎತ್ತಿಗೇ ನೊಗ ಹೆಚ್ಚು.

ಮೊದಲ ತಂಡ ದಾಟಿದಾಗ ಬಿಡಬೇಕೆಂದು ಅನಿಸಿರಲೇ ಇಲ್ಲ. ಎರಡನೆಯ ತಂಡ ಮುಗಿದ ವರ್ಷ ಅನಿಸಿತು, ಆಗ ಲಾಕ್‌ಡೌನ್ ಬಂತು. ಗೌಂಡಿಗಳೆಲ್ಲ ನಡೆದು ಊರಿಗೆ ಹೋಗಿದ್ದರು. ಈ ಸಲ ಶಾಲೆ ತೆರೆಯುವ ದಿನವೇ ಇಲ್ಲ, ಉಡಿಯೂ ಇಲ್ಲ ಎಂದು ಕೇತಕಿ ಒಳಗೊಳಗೇ ಖುಷಿಪಟ್ಟಿದ್ದಳು. ತಾಯಂದಿರು ಬಿಟ್ಟರೆ ತಾನೆ? ವಿಡಿಯೊ ಕಾಲ್ ಮಾಡಿ, ಮೊರದಲ್ಲಿ ಜೋಳ ಹಾಕಿ, ‘ನಿಮ್ಮ ಉಡಿ ಅಂತ ತಿಳ್ಕೊಂಡೀವ್ರಿ’ ಎಂದರು. ಮೂರನೆಯ ತಂಡ ಮುಗಿದಾಗ ಅವಳ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು, ಎಲ್ಲಿಗೆ ಹೋಗುವುದು? ಆ ತಾಯಿಯೂ ಹೋದ ವರ್ಷ ತೀರಿಕೊಂಡರು. ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೇತಕಿಗೆ ಉತ್ತರ ಹೇಳಬೇಕಾದವರು ಯಾರೂ ಇರಲಿಲ್ಲ. ಶಾಲೆಯೊಂದನ್ನು ಬಿಟ್ಟು.

ಈ ಬೇಸಿಗೆಯಲ್ಲಿ ಭೋರ್ ಎಂಬ ಸಣ್ಣ ಊರಿನ ಜೂನಿಯರ್ ಕಾಲೇಜಿನಲ್ಲಿ ಅವಳಿಗೆ ಭೂಗೋಳದ ಹುದ್ದೆ ಸಿಕ್ಕಿತು. ಸುದ್ದಿ ಬಂದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕಳು. ಮರುದಿನವೇ ಹೋಗಿ ಮನೆ ನೋಡಿಬಂದಳು. ಅಡುಗೆಮನೆಯ ಕಿಟಕಿ ತೆರೆದರೆ ರೋಹಿಡಾ ಕೋಟೆಯ ಗುಡ್ಡ ಕಾಣುತ್ತದೆ. ಇಷ್ಟು ವರ್ಷ ಹರಿದ ಭೂಪಟದ ಮೇಲೆ ಕೋಲಿಟ್ಟು ‘ಇದು ಸಹ್ಯಾದ್ರಿ’ ಎಂದು ತೋರಿಸಿದ್ದಳು, ಇನ್ನು ಸಹ್ಯಾದ್ರಿಯನ್ನು ನೋಡುತ್ತಾ ಚಹಾ ಕುಡಿಯಬಹುದು. ಸಂಜೆ ಐದಕ್ಕೆ ಕಾಲೇಜು ಮುಗಿಯುತ್ತದೆ, ಮುಗಿದದ್ದು ಮುಗಿಯುತ್ತದೆ. ಯಾರ ಮಗಳು ಯಾವ ಕಟ್ಟಡದಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿದ್ದಾಳೆ ಎಂದು ನಡುರಾತ್ರಿ ಎಚ್ಚರಾಗುವುದಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ, ಬಾಗಿಲು ಹಾಕಿಕೊಂಡರೆ ಮುಚ್ಚಿಕೊಳ್ಳುವ ಒಂದು ಜೀವನ.

ಹೆಡ್‌ಮಾಸ್ತರ್ ಬಿಂದುಮಾಧವರಿಗೆ ಹೇಳುವಾಗ ಅವಳು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದಳು. ಬಿಂದುಮಾಧವರು ಜಗಳವಾಡುವವರಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡು, ‘ಭಾಳ ಆನಂದ ಆತ್ರಿ ಅಕ್ಕೋರ’ ಎಂದರು.

‘ಸರ್, ಈ ಸಲ ನಾ ನಿಲ್ಲೂದಿಲ್ಲ. ಮೊದಲಽ ಹೇಳಿಬಿಡ್ತೀನಿ.’

‘ನಿಲ್ರಿ ಅಂತ ಯಾರಂದ್ರು? ನಿಮ್ಮ ದಾರಿಗೆ ಅಡ್ಡ ಬರ್ಲಿಕ್ಕೆ ನಾ ಯಾರು? ಎಂಟನೇ ಕ್ಲಾಸ್ ಪ್ರಣವ ಸರ್‌ಗೆ ಕೊಡೂಣು. ಹುಡುಗ ಚಲೋ ಅದಾನ. ಒಂದಽ ಒಂದು ಮಾತು. ಶಾಲಿ ಸುರು ಆಗೂ ದಿವಸ ಒಂದು ತಾಸು ಬಂದು, ಅವ್ರನ್ನ ತಾಯಂದಿರಿಗೆ ಪರಿಚಯ ಮಾಡಿಕೊಟ್ಟು ಹೋಗಿಬಿಡ್ರಿ. ನಿಮ್ಮ ಬಾಯಿಂದ ಬಂದ್ರ ಅವ್ರು ನಂಬ್ತಾರ.’

ಒಂದು ತಾಸಿಗೆ ಏನಾಗುತ್ತದೆ? ಕೇತಕಿ ಒಪ್ಪಿದಳು. ಬಿಂದುಮಾಧವರು ಬಲೆ ಬೀಸಿದರು ಎಂದರೆ ಪಾಪ ಬಂದೀತು. ಬಲೆ ಮೊದಲೇ ಅಲ್ಲಿತ್ತು, ಅವರು ಅದರ ಪಕ್ಕ ಒಂದು ಕುರ್ಚಿ ಹಾಕಿದರು ಅಷ್ಟೇ.

ಶಾಲೆಯ ಹಿಂದಿನ ಕೋಣೆಯಲ್ಲಿ ಇರುವ ರಂಗೂಬಾಯಿಯವರ ಕಾಲಿಗೆ ಬೀಳಲು ಹೋದಾಗ ಮಾತ್ರ ಕೇತಕಿಗೆ ಆಶ್ಚರ್ಯ ಕಾದಿತ್ತು. ಎಂಬತ್ತೆಂಟರ ಮುದುಕಿ, ಕಣ್ಣು ಮಂಜಾದರೂ ನಾಲಿಗೆ ಮಂಜಾಗಿರಲಿಲ್ಲ. ಅತ್ತಾರು, ಬೈದಾರು ಎಂದು ಕೇತಕಿ ಅಂದುಕೊಂಡಿದ್ದಳು. ಅವರು ಮಾತು ಮುಗಿಯುವ ಮೊದಲೇ, ‘ಹೋಗು’ ಎಂದರು.

‘ಸಿಟ್ಟು ಬಂದದ ಏನ್ರಿ ಬಾಯಿಯವರ?’

‘ಯಾಕ ಬರ್ತದ? ಹೋಗು. ಆದ್ರ ಇವತ್ತಽ ಹೋಗು. ಶಾಲಿ ತೆರೆಯೂ ದಿವಸ ಈ ಕಡೆ ಮಾರಿ ತೋರಸಬ್ಯಾಡ.’

‘ಒಂದು ತಾಸು ಬರ್ತೀನಿ ಅಂತ ಸರ್‌ಗೆ ಮಾತು ಕೊಟ್ಟೀನ್ರಿ. ಕಳ್ಳರ ಹಂಗ ಓಡಿ ಹೋಗ್ಲೇನ್ರಿ?’

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು. ‘ಹುಚ್ಚಿ. ಇಲ್ಲಿಂದ ಹೋದಾಕಿ ಪ್ರತಿಯೊಬ್ಬಾಕಿ ಕಳ್ಳರ ಹಂಗಽ ಹೋಗ್ಯಾಳ. ಎಲ್ಲಾರಿಗೂ ಹೇಳಿ ಹೋಗ್ತೀನಿ ಅಂದಾಕಿ ಒಬ್ಬಾಕಿನೂ ಹೋಗಿಲ್ಲ. ನನ್ನಽ ನೋಡು.’

ಆ ಮಾತು ಕೇತಕಿಯ ಮನಸ್ಸಿಗೆ ಚುಚ್ಚಿತು. ತಾನು ಕದ್ದದ್ದೇನು? ಹನ್ನೆರಡು ವರ್ಷ ಕೊಟ್ಟು, ನಾಲ್ಕು ತಂಡ ದಾಟಿಸಿ, ಕತ್ತಲಲ್ಲಿ ಹಿತ್ತಲ ಬಾಗಿಲಿಂದ ಹೋಗಬೇಕೆ? ತಲೆಯೆತ್ತಿಕೊಂಡು ಮುಂಬಾಗಿಲಿಂದಲೇ ಹೋಗುತ್ತೇನೆ ಎಂದು ಹಟ ಹಿಡಿದಳು. ಅಭಿಮಾನ ಎಂಬುದು ಒಳ್ಳೆಯ ಗುಣವೇ, ಆದರೆ ಓಡಬೇಕಾದ ಹೊತ್ತಿನಲ್ಲಿ ಅದು ಸೀರೆಯ ನೆರಿಗೆಯ ಹಾಗೆ ಕಾಲಿಗೆ ತೊಡರುತ್ತದೆ.

ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ, ಭೋರಿನ ಸುದ್ದಿ ಕೈಗೆ ಬಂದ ಮೇಲೂ, ಅವಳು ರೂಢಿಯ ಪ್ರಕಾರ ಹೊಸ ಮಕ್ಕಳನ್ನು ಕರೆಯಲು ಕಟ್ಟಡಗಳಿಗೆ ಹೋಗಿದ್ದಳು. ಕಾತ್ರಜದ ಆಚೆ ಒಂದು ದೊಡ್ಡ ಕಟ್ಟಡದಲ್ಲಿ ಹುಲಿಗೆಪ್ಪ ಎಂಬ ಗೌಂಡಿ, ಅವನ ಹೆಂಡತಿ ನೀಲವ್ವ, ಅವರ ಮಗಳು ಶರಣಮ್ಮ ಸಿಕ್ಕಿದ್ದರು. ಯಾದಗಿರಿ ಕಡೆಯವರು. ಏಳನೆಯದು ಮುಗಿಸಿದ ಶರಣಮ್ಮನನ್ನು ಹುಲಿಗೆಪ್ಪ ಊರಿಗೆ, ತನ್ನ ಅಕ್ಕನ ಮನೆಗೆ ಕಳಿಸುವವನಿದ್ದ. ಅಕ್ಕನಿಗೊಬ್ಬ ಮಗನಿದ್ದ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇತಕಿ ಮರಳ ಗುಡ್ಡೆಯ ಮೇಲೆ ಕುಳಿತು ನೀಲವ್ವನ ಜೊತೆ ಬಿಸಿಲಿಳಿಯುವವರೆಗೆ ಮಾತಾಡಿದಳು. ಕೊನೆಗೆ ನೀಲವ್ವ, ‘ನೀವು ಇರ್ತೀರಂದ್ರ ಕಳಸ್ತೀನ್ರಿ ಅಕ್ಕೋರ’ ಎಂದಳು. ಕೇತಕಿ ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಹುಡುಗಿಯ ತಲೆ ಸವರಿ ಎದ್ದುಬಂದಳು.

ಶಾಲೆ ತೆರೆಯುವ ದಿನ ಕೇತಕಿ ಬೇಕೆಂದೇ ಚೂಡಿದಾರ ಹಾಕಿಕೊಂಡಳು. ಸೆರಗೇ ಇಲ್ಲದಿದ್ದರೆ ಉಡಿ ಎಲ್ಲಿಂದ ಬಂತು? ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾಕಾಗಿತ್ತು. ಸಾಮಾನು ಆಗಲೇ ಟೆಂಪೊದಲ್ಲಿ ಭೋರಿಗೆ ಹೋಗಿತ್ತು. ಮಧ್ಯಾಹ್ನ ಸ್ವಾರಗೇಟಿನಿಂದ ಎಸ್‌ಟಿ ಬಸ್ಸು ಹಿಡಿದರೆ ಸಂಜೆಯ ಚಹಾ ಹೊಸ ಮನೆಯಲ್ಲಿ, ಮರುದಿನ ಬೆಳಿಗ್ಗೆ ಕಾಲೇಜಿಗೆ ಹಾಜರಿ. ಕೈಚೀಲವನ್ನು ಬಾಗಿಲ ಹತ್ತಿರವೇ ಇಟ್ಟು ಅವಳು ಸಭಾಗೃಹದ ಒಳಗೆ ಬಂದಳು.

ಪ್ರಣವ ಹೊಸ ಅಂಗಿ ತೊಟ್ಟು ನಿಂತಿದ್ದ. ಮೈಸೂರು ಕಡೆಯ ಹುಡುಗ, ಹೆಂಡತಿಗೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವೆಂದು ಪುಣೆಗೆ ಬಂದವನು, ಗಣಿತ ಚೆನ್ನಾಗಿ ಕಲಿಸುತ್ತಾನೆ. ಹೆಗಲ ಮೇಲೆ ಹೊಸ ಟವೆಲ್ಲು, ಅದರ ಅಂಚಿಗೆ ಅಂಗಡಿಯ ಸ್ಟಿಕ್ಕರ್ ಇನ್ನೂ ಇತ್ತು.

‘ಟೆನ್ಷನ್ ತಗೋಬೇಡಿ ಮೇಡಮ್’ ಎಂದ. ‘ನಿನ್ನೆ ಮನೇಲಿ ಪ್ರಾಕ್ಟೀಸ್ ಮಾಡಿದೀನಿ. ವೈಫ್ ಅಕ್ಕಿ ಹಾಕಿದ್ಲು, ಒಂದು ಕಾಳೂ ಕೆಳಗೆ ಬೀಳ್ಲಿಲ್ಲ.’

‘ನಿಮ್ಮ ಮನೆಯವ್ರನ್ನ ಕರ್ಕೊಂಡು ಬರ್ರಿ ಅಂದಿದ್ನೆಲ್ಲ?’

‘ಲೀವ್ ಸಿಗ್ಲಿಲ್ಲ ಮೇಡಮ್. ರಿಲೀಸ್ ಇದೆಯಂತೆ.’

ಕೇತಕಿ ಚಾಪೆಯ ಕಡೆ ನೋಡಿದಳು. ಹಿಂದೆ ಬಿಂದುಮಾಧವರು ಒಂದು ತಂಡ ತೆಗೆದುಕೊಂಡಾಗ ಅವರ ಹೆಂಡತಿ ಪಕ್ಕದಲ್ಲಿ ಕುಳಿತು ಸೆರಗು ಒಡ್ಡಿದ್ದರು. ಗಂಡಸು ಒಬ್ಬನೇ ಕುಳಿತದ್ದನ್ನು ಈ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ನಡೆದೀತು, ಕಾಲ ಬದಲಾಗಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಗೋಡೆಯ ಬದಿಗೆ ಕುರ್ಚಿಯಲ್ಲಿ ಬಿಂದುಮಾಧವರು ಕುಳಿತು ಮುಗುಳ್ನಗುತ್ತಿದ್ದರು. ರಂಗೂಬಾಯಿಯವರನ್ನು ಇಬ್ಬರು ಹಿಡಿದು ತಂದು ಪಕ್ಕದಲ್ಲಿ ಕೂರಿಸಿದ್ದರು. ಕೇತಕಿಯ ಧ್ವನಿ ಕೇಳಿ ಮುದುಕಿ ಮುಖ ಆ ಕಡೆ ತಿರುಗಿಸಿಕೊಂಡರು.

ತಾಯಂದಿರು ಜೋಳದ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹೆಚ್ಚಿನವರು ಅರ್ಧ ದಿನದ ಕೆಲಸ ಬಿಟ್ಟು ಬಂದವರು, ಮೊಣಕೈಯಲ್ಲಿ ಸಿಮೆಂಟು ಹಾಗೆಯೇ ಇತ್ತು. ಗಂಡಸರು ಬಾಗಿಲ ಹೊರಗೆ ನಿಂತಿದ್ದರು. ಕೇತಕಿ ನಿಂತುಕೊಂಡೇ ಮಾತಾಡಿದಳು. ಪ್ರಣವ ಸರ್ ಭಾಳ ಓದಿದವರು, ಗಣಿತದಲ್ಲಿ ಹುಲಿ, ಮಕ್ಕಳನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ, ಈ ವರ್ಷದಿಂದ ಎಂಟನೆಯ ತರಗತಿ ಅವರದು, ತಾನು ಬೇರೆ ಊರಿಗೆ ಹೊರಟಿದ್ದೇನೆ. ಚೊಕ್ಕವಾಗಿ ಹೇಳಿದಳು. ಪ್ರಣವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಟವೆಲ್ಲನ್ನು ತೊಡೆಯ ಮೇಲೆ ಹರಡಿ, ‘ಬನ್ನಿ ತಾಯಿ’ ಎಂದ.

ಯಾರೂ ಏಳಲಿಲ್ಲ.

‘ಬನ್ನಿ, ಬನ್ನಿ. ನಾಚ್ಕೋಬೇಡಿ’ ಎಂದು ಪ್ರಣವ ಇನ್ನೊಮ್ಮೆ ಕರೆದ. ಅವನ ಕಿವಿ ಕೆಂಪಾಗುತ್ತಿತ್ತು. ಪಾಪ, ಅವನ ತಪ್ಪೇನೂ ಇರಲಿಲ್ಲ.

ಕೊನೆಗೆ ಬಾಗಿಲ ಹೊರಗಿನಿಂದ ಹುಲಿಗೆಪ್ಪನ ದನಿ ಬಂತು. ‘ಏಳ, ನೀಲಿ. ನಾ ಮೊದಲಽ ಅಂದಿದ್ದಿಲ್ಲೇನು? ಗಣಮಗನ ತೊಡಿ ಮ್ಯಾಲ ಹೆಣ್ಣು ಕೂಸಿನ ಉಡಿ ಹಾಕೂದು ಯಾ ಊರಾಗ ಅದ? ನಡಿ. ನಾಳಿ ರಾತ್ರಿ ಯಾದಗಿರಿ ಗಾಡಿಗೆ ಇಬ್ಬರಿಗೂ ಹತ್ತಸ್ತೀನಿ.’

ನೀಲವ್ವ ಎದ್ದಳು. ಆದರೆ ಬಾಗಿಲ ಕಡೆಗೆ ಹೋಗಲಿಲ್ಲ, ನಿಂತು ಕೇತಕಿಯನ್ನೇ ನೋಡಿದಳು. ಅವಳ ಪಕ್ಕದವಳೂ ನೋಡಿದಳು. ಒಬ್ಬರ ಹಿಂದೆ ಒಬ್ಬರಂತೆ ಎಲ್ಲ ತಾಯಂದಿರೂ ಅವಳತ್ತ ತಿರುಗಿದರು. ಯಾರೂ ಬೇಡಲಿಲ್ಲ, ಯಾರೂ ದೂರಲಿಲ್ಲ. ಬೆಂಕಿ ಹತ್ತಿದ ಮನೆಯವರು ಬಾವಿಯನ್ನು ನೋಡುವಂತೆ ನೋಡಿದರು. ಶರಣಮ್ಮ ಮಾತ್ರ ನೆಲ ನೋಡುತ್ತಿದ್ದಳು.

ಕೇತಕಿಗೆ ರೇಗಿಹೋಯಿತು. ಅಷ್ಟು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಸಿಟ್ಟು, ಲಾಕ್‌ಡೌನಿನದು, ತಾಯಿಯ ಹಾಸಿಗೆಯ ಪಕ್ಕದಿಂದ ಎದ್ದು ಯಾರದೋ ಮಗಳನ್ನು ಹುಡುಕಿ ಹೋದದ್ದು, ಎಲ್ಲ ಒಮ್ಮೆಲೇ ಬಾಯಿಗೆ ಬಂತು.

‘ಯಾಕ ನನ್ನಽ ನೋಡ್ತೀರಿ?’ ಎಂದಳು. ‘ನಾ ಏನು ಕಲ್ಲೇನು? ನಮ್ಮವ್ವ ಸಾಯೂ ಮುಂದನೂ ನಿಮ್ಮ ಮಕ್ಕಳ ಪರೀಕ್ಷಾ ಇತ್ತು. ನನಗ ಒಂದು ಮನಿ ಸಿಕ್ಕದ, ಒಂದು ಕೆಲಸ ಸಿಕ್ಕದ. ಇವತ್ತು ಹೋಗದಿದ್ರ ಅವೆರಡೂ ಬ್ಯಾರೆದವ್ರಿಗೆ ಹೋಗ್ತಾವ. ಇಷ್ಟು ವರ್ಷ ನಿಮ್ಮ ಮುಂದ ಕುಂತು ನಿಮ್ಮ ಮಕ್ಕಳನ್ನ ಬೇಡಿದೆ. ಕೊಟ್ರಿ. ಇವತ್ತು ಕಡೀ ಸಲ ಬೇಡ್ತೀನಿ. ನನ್ನನ್ನ ನನಗ ಕೊಡ್ರಿ!’

ಹೇಳುತ್ತಾ ಹೇಳುತ್ತಾ ಅವಳು ಚಾಪೆಯ ಮೇಲೆ ಮೊಣಕಾಲೂರಿದ್ದಳು. ಹೇಳುತ್ತಾ ಹೇಳುತ್ತಾ ಹೆಗಲ ಮೇಲಿನ ದುಪಟ್ಟಾ ಎಳೆದು ಎರಡೂ ಕೈಯಲ್ಲಿ ಒಡ್ಡಿದ್ದಳು. ಹನ್ನೆರಡು ವರ್ಷ ಬೇಡಿ ಬೇಡಿ ಅವಳ ಕೈಗಳಿಗೆ ಬೇಡುವ ರೀತಿ ಅದೊಂದೇ ಗೊತ್ತಿತ್ತು. ಏನು ಮಾಡಿದೆ ಎಂಬುದು ಅವಳಿಗೆ ತಿಳಿದದ್ದು ಮಾಡಿದ ಮೇಲೆ. ಕುರ್ಚಿಯಲ್ಲಿದ್ದ ರಂಗೂಬಾಯಿಯವರಿಗೆ ಯಾರೋ ಕಿವಿಯಲ್ಲಿ ಹೇಳಿರಬೇಕು. ‘ಅಯ್ಯೋ ಹುಚ್ಚಿ’ ಎಂದು ಅವರು ಹಣೆ ಬಡಿದುಕೊಂಡರು.

ನೀಲವ್ವ ಮೆಲ್ಲಗೆ ನಡೆದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಳು. ಅವಳ ಕಣ್ಣಲ್ಲಿ ನೀರಿತ್ತು. ಕೇತಕಿಯ ಮಾತು ಅವಳಿಗೆ ಅರ್ಥವಾಗಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಪ್ರತಿ ಮಾತೂ ಅರ್ಥವಾಗಿತ್ತು.

‘ನಿಮ್ಮನ್ನ ಕೊಡ್ರಿ ಅಂದ್ರ ಎಲ್ಲಿಂದ ತರ್ಲ್ರಿ ಅಕ್ಕೋರ?’ ಎಂದಳು. ‘ನಮ್ಮ ಹಂತ್ಯಾಕ ನೀವಿಲ್ರಿ. ಇರಾಕಿ ಈ ಮಗಳು ಒಬ್ಬಾಕಿ. ಒಡ್ಡಿದ ಉಡಿ ಖಾಲಿ ನೋಡಿ ಸುಮ್ ಕುಂದ್ರಲಾಕ ನನಗ ಬರಂಗಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ.’

ಗಂಟು ಬಿಚ್ಚಿ ಜೋಳ ಹಾಕಿದಳು. ಹಿಡಿ, ಹಿಡಿ, ಮತ್ತೊಂದು ಹಿಡಿ. ತೆಳು ದುಪಟ್ಟಾ ನಡುವೆ ಜಗ್ಗಿತು. ಕಾಳು ಅಂಚಿನಿಂದ ಜಾರುವಂತಾದಾಗ ಕೇತಕಿಯ ಬೆರಳುಗಳು ತಾವಾಗಿಯೇ ಬಿಗಿದು ಅಂಚನ್ನು ಮೇಲೆತ್ತಿಕೊಂಡವು. ನೀಲವ್ವ ಮಗಳ ಕೈ ಹಿಡಿದು ಎಳೆದು ಎದುರಿಗೆ ನಿಲ್ಲಿಸಿದಳು. ಬಾಗಿಲ ಹೊರಗೆ ಹುಲಿಗೆಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದು ಬೀಡಿ ಹಚ್ಚಿದ. ತುಂಬಿದ ಉಡಿಯ ಎದುರು ಅವನ ಮಾತೂ ಮುಗಿದಿತ್ತು.

ಬಿಟ್ಟುಬಿಡು ಎಂದು ಕೇತಕಿ ತನ್ನ ಕೈಗೆ ಹೇಳಿದಳು. ಬೆರಳು ಸಡಿಲಿಸಿದರೆ ಸಾಕು. ಜೋಳ ಚಾಪೆಯ ಮೇಲೆ ಚೆಲ್ಲುತ್ತದೆ, ಹೆಂಗಸರು ಹಾ ಎನ್ನುತ್ತಾರೆ, ಅವಳು ಎದ್ದು ಚೀಲ ತೆಗೆದುಕೊಂಡು ಹೋಗುತ್ತಾಳೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾಗಿಲು ತೆರೆದೇ ಇತ್ತು. ಯಾರಾದರೂ ಅವಳ ಕೈಯನ್ನು ಹಿಡಿದಿಟ್ಟುಕೊಂಡಿದ್ದರೆ ಕೊಸರಿಕೊಂಡು ಓಡಿಬಿಡುತ್ತಿದ್ದಳು. ಯಾರೂ ಹಿಡಿದಿರಲಿಲ್ಲ. ಹಿಡಿದುಕೊಂಡಿದ್ದವು ಅವಳವೇ ಬೆರಳುಗಳು, ಬಿಡಿಸಲು ಇನ್ನೆರಡು ಕೈ ಅವಳಿಗೆ ಇರಲಿಲ್ಲ. ಅವಳಿಗೆ ಈ ಹೆಂಗಸರ ಮೇಲೆ, ಬಿಂದುಮಾಧವರ ಮೇಲೆ, ಹಣೆ ಬಡಿದುಕೊಂಡ ಮುದುಕಿಯ ಮೇಲೆ ಇದ್ದ ಸಿಟ್ಟೆಲ್ಲ ಆ ಹತ್ತು ಬೆರಳುಗಳ ಮೇಲೆ ಬಂದು ನಿಂತಿತು.

ಪ್ರಣವ ತನ್ನ ಟವೆಲ್ಲನ್ನು ಮಡಚಿ, ಚಾಪೆಯ ಮೇಲೆ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಹಿಂದೆ ಸೀರೆಗಳ ಸರಬರ ಕೇಳಿಸಿತು, ತಾಯಂದಿರು ಎದ್ದು ಸಾಲು ಹಚ್ಚುತ್ತಿದ್ದರು. ಮೊಣಕಾಲೂರಿದ್ದ ಕೇತಕಿ ಸರಿಯಾಗಿ ಕ್ರಮದಂತೆ ಕುಳಿತುಕೊಂಡಳು. ಮುಖ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಹಾಗೆಯೇ ಬಿಟ್ಟಳು.

‘ಮುಂದಿನವರು ಯಾರದೀರಿ, ಬರ್ರಿ’ ಎಂದಳು.